ಮೊದಲ ದಿನ, ಅಂಚೆ ಪೆಟ್ಟಿಗೆಯ ಮೇಲೊಂದು ಹೆಸರು

ಕೇಳುಗರೆಲ್ಲರಿಗೂ ನಮಸ್ಕಾರ.

ಚಳಿಗಾಲದ ಸೆಮಿಸ್ಟರಿಗೆಂದು ಜರ್ಮನಿಗೆ ಹೊರಟಿರುವ ಮಕ್ಕಳು ಈಗ ಸಾಮಾನು ಕಟ್ಟುತ್ತಿರುತ್ತಾರೆ. ನಡುಮನೆಯಲ್ಲಿ ತೂಕದ ಯಂತ್ರ, ಅದರ ಮೇಲೆ ಸೂಟ್‌ಕೇಸು, ಪಕ್ಕದಲ್ಲಿ ಚಟ್ನಿಪುಡಿಯ ಡಬ್ಬಿ ಹಿಡಿದು ನಿಂತ ಅಮ್ಮ. ಈ ಮನೆಗಳಿಂದ ನನಗೆ ಫೋನು ಬರುತ್ತಲೇ ಇರುತ್ತದೆ. ನಾನು ಡ್ರೆಸ್ಡೆನ್ ನಗರದಲ್ಲಿ ಓದಿ, ಅಲ್ಲಿಯೇ ಕೆಲವು ವರ್ಷ ಕೆಲಸ ಮಾಡಿ ಬಂದವಳು. ನನ್ನನ್ನು ಅವರು ಕೇಳುವುದು ಹೆಚ್ಚಾಗಿ ಒಂದೇ ಪ್ರಶ್ನೆ: ಕುಕ್ಕರ್ ಒಯ್ಯಬೇಕೆ, ಬೇಡವೆ? ಒಯ್ಯಿರಿ. ಮೂರು ಲೀಟರಿನದು ಸಾಕು. ಆದರೆ ಕುಕ್ಕರ್ ಮರೆತು ಪೇಚಿಗೆ ಸಿಲುಕಿದವರನ್ನು ನಾನು ಕಂಡಿಲ್ಲ. ಪೇಚಿಗೆ ಸಿಲುಕುವವರು ಮರೆಯುವುದು ಇನ್ನೊಂದನ್ನು. ಇವತ್ತು ನಾನು ಮಾತನಾಡುವುದು ಅದರ ಬಗ್ಗೆಯೇ. ಮನೆಯ ಬೀಗದ ಕೈ ನಿಮಗೆ ಸಿಕ್ಕಿದ ದಿನವೇ, ಸೂಟ್‌ಕೇಸು ಬಿಚ್ಚುವ ಮೊದಲೇ, ಕಟ್ಟಡದ ಬಾಗಿಲಲ್ಲಿರುವ ಅಂಚೆ ಪೆಟ್ಟಿಗೆಯ ಮೇಲೆ ನಿಮ್ಮ ಹೆಸರು ಅಂಟಿಸಿ.

ಇದೇನು ದೊಡ್ಡ ವಿಷಯ ಎಂದುಕೊಳ್ಳಬೇಡಿ. ನಮ್ಮೂರುಗಳಲ್ಲಿ ಅಂಚೆಯವರಿಗೆ ಊರೇ ಗೊತ್ತು. ವಿಳಾಸ ಅರ್ಧ ಅಳಿಸಿದ್ದರೂ, ಇನ್ನಾರದೋ ಮನೆಗೆ ಹೋಗಿದ್ದರೂ, ಕಾಗದ ಸಂಜೆಯೊಳಗೆ ನಮ್ಮ ಜಗುಲಿಗೆ ಬಂದು ಬೀಳುತ್ತದೆ. ಜರ್ಮನಿಯಲ್ಲಿ ಒಂದು ಕಟ್ಟಡದಲ್ಲಿ ಹತ್ತು ಹದಿನೈದು ಮನೆಗಳಿದ್ದರೂ ಸಾಮಾನ್ಯವಾಗಿ ಒಳಗಿನ ಮನೆಗಳಿಗೆ ಬಾಗಿಲ ಸಂಖ್ಯೆ ಇರುವುದಿಲ್ಲ. ವಿಳಾಸವೆಂದರೆ ಬೀದಿಯ ಹೆಸರು ಮತ್ತು ಕಟ್ಟಡದ ಸಂಖ್ಯೆ, ಅಷ್ಟೇ. ಉಳಿದದ್ದನ್ನು ಹೇಳಬೇಕಾದದ್ದು ಹೆಸರು. ಹಳದಿ ಸೈಕಲ್ಲಿನಲ್ಲಿ ಬರುವ ಅಂಚೆಯವರು ಪೆಟ್ಟಿಗೆಗಳ ಸಾಲಿನ ಮುಂದೆ ನಿಂತು ಹೆಸರು ಓದುತ್ತಾರೆ, ಹಾಕುತ್ತಾರೆ. ಹೆಸರು ಇಲ್ಲವೆಂದರೆ ನೀವು ಅಲ್ಲಿ ಇಲ್ಲ. ಕಾಗದ ಬಂದ ದಾರಿಯಲ್ಲೇ ಹಿಂದಿರುಗುತ್ತದೆ.

ಆ ದೇಶದಲ್ಲಿ ಕಾಗದವೇ ಎಲ್ಲ. ಬ್ಯಾಂಕಿನ ಕಾರ್ಡು ಅಂಚೆಯಲ್ಲಿ ಬರುತ್ತದೆ, ಅದರ ಗುಪ್ತಸಂಖ್ಯೆ ಇನ್ನೊಂದು ಲಕೋಟೆಯಲ್ಲಿ ಬೇರೆಯಾಗಿ ಬರುತ್ತದೆ. ಆರೋಗ್ಯ ವಿಮೆಯ ಕಾರ್ಡು ಅಂಚೆಯಲ್ಲಿ. ಹನ್ನೊಂದು ಅಂಕಿಯ ತೆರಿಗೆ ಸಂಖ್ಯೆ ಅಂಚೆಯಲ್ಲಿ. ಹಳದಿ ಲಕೋಟೆಯಲ್ಲಿ ಸರ್ಕಾರಿ ಕಾಗದ ಬಂದರಂತೂ ಅದನ್ನು ಪೆಟ್ಟಿಗೆಗೆ ಹಾಕಿದ ದಿನಾಂಕವನ್ನು ಲಕೋಟೆಯ ಮೇಲೆಯೇ ಬರೆದಿರುತ್ತಾರೆ. ಉತ್ತರ ಕೊಡುವ ಗಡುವು ಶುರುವಾಗುವುದು ಆ ದಿನದಿಂದಲೇ, ನೀವು ಓದಿದ ದಿನದಿಂದಲ್ಲ.

ಒಬ್ಬ ಹುಡುಗನ ಕಥೆ ಹೇಳುತ್ತೇನೆ. ಚಿತ್ರದುರ್ಗದ ಕಡೆಯವನು, ರೈತರ ಮನೆಯವನು, ಬಹಳ ಜಾಣ. ನಾನಿನ್ನೂ ಡ್ರೆಸ್ಡೆನ್‌ನಲ್ಲಿದ್ದಾಗ ಅಲ್ಲಿಗೆ ಓದಲು ಬಂದ. ಬಂದಿಳಿದದ್ದು ಅಕ್ಟೋಬರ್ 2ರ ಸಂಜೆ. ಮರುದಿನ ಅಕ್ಟೋಬರ್ 3. 1990ರಲ್ಲಿ ಎರಡು ಜರ್ಮನಿಗಳು ಒಂದಾದ ದಿನ, ದೇಶಕ್ಕೆಲ್ಲ ರಜೆ, ಹೆಚ್ಚಿನ ಅಂಗಡಿಗಳೂ ಮುಚ್ಚಿರುತ್ತವೆ. ಅಮ್ಮ ಕಟ್ಟಿಕೊಟ್ಟಿದ್ದ ರೊಟ್ಟಿ, ಶೇಂಗಾ ಪುಡಿಯಲ್ಲಿ ಆ ದಿನ ಕಳೆದ. ಆಮೇಲೆ ಒಂದೊಂದೇ ಕೆಲಸ ಮುಗಿಸಿದ. ನಗರ ಕಚೇರಿಯಲ್ಲಿ ವಿಳಾಸ ನೋಂದಾಯಿಸಿದ, ಬ್ಯಾಂಕ್ ಖಾತೆಗೆ ಅರ್ಜಿ ಹಾಕಿದ, ತರಗತಿಗೆ ಹೋದ. ಎಲ್ಲವೂ ಸರಿಯಾಗಿತ್ತು.

ಖರ್ಚಿನ ಹಣವನ್ನು ಹೊರಡುವ ಮೊದಲೇ ತಡೆಖಾತೆಯಲ್ಲಿ, ಅಂದರೆ ತಿಂಗಳಿಗಿಷ್ಟೇ ಎಂದು ಹಣ ಬಿಡುವ ಬ್ಲಾಕ್ಡ್ ಅಕೌಂಟಿನಲ್ಲಿ, ಇಡಬೇಕು ಎಂಬುದು ನಿಮಗೆ ಗೊತ್ತಿದೆ. ಈಗಿನ ಲೆಕ್ಕದಲ್ಲಿ ವರ್ಷಕ್ಕೆ 11,904 ಯೂರೋ, ತಿಂಗಳಿಗೆ 992ರಂತೆ ಬಿಡುಗಡೆಯಾಗುತ್ತದೆ. ಬಿಡುಗಡೆಯಾಗುವುದು ಎಲ್ಲಿಗೆ? ನಿಮ್ಮ ಚಾಲ್ತಿ ಖಾತೆಗೆ. ಆ ಹುಡುಗನ ಚಾಲ್ತಿ ಖಾತೆಯ ಕಾರ್ಡು ಬರಲಿಲ್ಲ, ಗುಪ್ತಸಂಖ್ಯೆಯೂ ಬರಲಿಲ್ಲ. ಒಂದು ವಾರ, ಎರಡು ವಾರ. ಹಣ ಅವನದೇ, ತೆಗೆಯಲು ದಾರಿಯಿಲ್ಲ. ಕೈಯಲ್ಲಿ ತಂದಿದ್ದ ನೋಟುಗಳು ಕರಗುತ್ತಾ ಬಂದವು. ಊರಿಂದ ಫೋನು ಬಂದರೆ "ಎಲ್ಲ ಚೆನ್ನಾಗಿದೆ ಅಪ್ಪ" ಎನ್ನುತ್ತಿದ್ದ. ಅನ್ನ, ಉಪ್ಪಿನಕಾಯಿ, ಅನ್ನ, ಚಟ್ನಿಪುಡಿ. ಬಾಡಿಗೆಯ ದಿನ ಹತ್ತಿರ ಬಂದಾಗ ಸಹಪಾಠಿಯೊಬ್ಬ ನನ್ನ ಹತ್ತಿರ ಕರೆತಂದ.

ನಾನು ಮೊದಲು ಕೇಳಿದ್ದು, "ಅಂಚೆ ಪೆಟ್ಟಿಗೆ ನೋಡುತ್ತಿದ್ದೀಯಾ?" ಎಂದು. "ದಿನಾ ಎರಡು ಸಲ ನೋಡುತ್ತೇನೆ ಅಕ್ಕ, ಖಾಲಿ ಇರುತ್ತದೆ" ಎಂದ. ಅವನೊಡನೆ ಹೋದೆ. ಹಳೆಯ ಐದಂತಸ್ತಿನ ಕಟ್ಟಡ. ಬಾಗಿಲು ದಾಟಿದರೆ ಎಡಗಡೆ ಗೋಡೆಯಲ್ಲಿ ಬೂದು ಬಣ್ಣದ ತಗಡಿನ ಪೆಟ್ಟಿಗೆಗಳು, ಎರಡು ಸಾಲು. ಅವನ ಪೆಟ್ಟಿಗೆಯ ಮೇಲೆ ಹಿಂದಿನ ಬಾಡಿಗೆದಾರರ ಹೆಸರು ಇನ್ನೂ ಹಾಗೆಯೇ ಇತ್ತು. ಅದರ ಕೆಳಗೆ ನೋಟ್‌ಪುಸ್ತಕದ ಹಾಳೆಯ ಚೂರೊಂದನ್ನು ಅಂಟಿಸಿ ನೀಲಿ ಪೆನ್ನಿನಲ್ಲಿ ತನ್ನ ಹೆಸರು ಬರೆದಿದ್ದ. "ಒಂದು ಸಲ ಕಾಗದ ವಾಪಸು ಹೋಯಿತು ಎಂದು ಬ್ಯಾಂಕಿನವರು ಹೇಳಿದರು ಅಕ್ಕ, ಆಮೇಲೆ ಇದನ್ನು ಅಂಟಿಸಿದೆ. ಎರಡನೆಯ ಸಲವೂ ವಾಪಸು ಹೋಗಿದೆ" ಎಂದ. ಹೇಳುವಾಗ ಅವನ ದನಿ ಒಡೆದಿತ್ತು.

ನಾನು ಪಾಸ್‌ಪೋರ್ಟ್ ತರಿಸಿ ನೋಡಿದೆ. ನಮ್ಮ ಕಡೆ ನಮಗೆ ಮನೆತನದ ಹೆಸರು ಎಂಬುದು ಎಲ್ಲರಿಗೂ ಇರುವುದಿಲ್ಲ, ಇನಿಷಿಯಲ್ ಇರುತ್ತದೆ. ಪಾಸ್‌ಪೋರ್ಟ್ ಮಾಡಿಸುವಾಗ ಆ ಇನಿಷಿಯಲ್ಲನ್ನು ಬಿಡಿಸಿ, ತಂದೆಯ ಹೆಸರನ್ನು ಸರ್‌ನೇಮ್ ಜಾಗದಲ್ಲಿ ಬರೆದಿರುತ್ತೇವೆ, ಬರೆದು ಮರೆತಿರುತ್ತೇವೆ. ಜರ್ಮನಿಯ ಕಚೇರಿಗೆ ಇವನು ಯಾರು? ಆ ಸರ್‌ನೇಮಿನವನು. ಪೆಟ್ಟಿಗೆಗಳ ಮೇಲೆ ಇರುವುದೂ ಸರ್‌ನೇಮೇ. ಹುಡುಗ ಅಂಟಿಸಿದ್ದು ಅಮ್ಮ ಕರೆಯುವ ಹೆಸರು. ಅಂಚೆಯವರು ಹುಡುಕಿದ್ದು ಅವನ ಅಪ್ಪನ ಹೆಸರು.

ಅಲ್ಲೇ ನಿಂತು, ದಪ್ಪ ಕಾಗದದ ಮೇಲೆ ಕಪ್ಪು ಶಾಯಿಯಲ್ಲಿ ದೊಡ್ಡಕ್ಷರಗಳಲ್ಲಿ ತಂದೆಯ ಹೆಸರು ಬರೆದೆವು. ಮಳೆಗಾಲದ ಹಾಗೆ ಸುರಿಯುವ ಹವೆ, ಬಾಗಿಲ ಬಳಿ ತೇವ ಇರುತ್ತದೆ, ಅದಕ್ಕೆ ಮೇಲೆ ಪಾರದರ್ಶಕ ಟೇಪು. ಕರೆಗಂಟೆಯ ಪಕ್ಕದಲ್ಲೂ ಅದೇ ಹೆಸರು. ಮುಂದಿನ ವಾರ ಮೂರು ಲಕೋಟೆಗಳು ಒಟ್ಟಿಗೆ ಬಂದವು. ಪೆಟ್ಟಿಗೆಯ ಫೋಟೋ ತೆಗೆದು ಹುಡುಗ ಊರಿಗೆ ಕಳುಹಿಸಿದನಂತೆ. ಅಪ್ಪ ಫೋನು ಮಾಡಿ, "ಅಷ್ಟು ದೂರದಲ್ಲಿ ನನ್ನ ಹೆಸರು ಯಾಕೆ ಬರೆದಿದ್ದೀಯಪ್ಪ?" ಎಂದು ಕೇಳಿದರಂತೆ. "ಇಲ್ಲಿ ನನ್ನನ್ನು ನಿನ್ನ ಹೆಸರಿನಲ್ಲೇ ಕರೆಯುತ್ತಾರೆ ಅಪ್ಪ" ಎಂದು ಇವನು ಹೇಳಿದನಂತೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಬರಲಿಲ್ಲವಂತೆ.

ಇದನ್ನು ನೂರು ಮಕ್ಕಳಿಗೆ ಹೇಳಿದ್ದೇನೆ. "ಆಯಿತು ಮೇಡಂ" ಎಂದು ತಲೆಯಾಡಿಸಿ ಮತ್ತೆ ಕುಕ್ಕರಿಗೇ ಬರುತ್ತಾರೆ. ದಯವಿಟ್ಟು ಕೇಳಿ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗದಲ್ಲಿ ಏನಿದೆಯೋ ಅದನ್ನು ಅಂಟಿಸಿ. ಬೇರೆಯವರ ಮನೆಯಲ್ಲಿ ಕೋಣೆ ಹಿಡಿದಿದ್ದೀರಾ? ಅವರ ಅನುಮತಿ ಕೇಳಿ ಅವರ ಹೆಸರಿನ ಕೆಳಗೆ ನಿಮ್ಮದನ್ನು ಅಂಟಿಸಿ. ವಿಳಾಸ ಕೊಡುವಾಗ ನಾವು ಕೇರಾಫ್ ಎನ್ನುತ್ತೇವಲ್ಲ, ಹಾಗೆ ಬರೆಯಿರಿ. ವಿದ್ಯಾರ್ಥಿ ನಿಲಯದಲ್ಲಿ ಕೋಣೆ ಸಿಕ್ಕಿದೆಯೇ? ಅಲ್ಲಿಯೂ ಅಂಟಿಸಿ.

ಎರಡೇ ನಿಮಿಷ ಉಳಿದಿದೆ ಎಂದು ಗಾಜಿನ ಆಚೆಯಿಂದ ಸನ್ನೆ ಮಾಡುತ್ತಿದ್ದಾರೆ. ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಮನೆ ಸೇರಿದ ಎರಡು ವಾರದೊಳಗೆ ನಗರ ಕಚೇರಿಯಲ್ಲಿ ವಿಳಾಸ ನೋಂದಾಯಿಸಿ. ಅದನ್ನು ಆನ್‌ಮೆಲ್ಡುಂಗ್ ಎನ್ನುತ್ತಾರೆ. ಅದಕ್ಕೆ ಬಾಡಿಗೆ ಕರಾರು ಸಾಲದು, ಮನೆ ಕೊಟ್ಟವರು ಸಹಿ ಮಾಡಿದ ಪ್ರತ್ಯೇಕ ದೃಢೀಕರಣ ಪತ್ರ ಬೇಕು. ಕೀಲಿ ಪಡೆಯುವಾಗಲೇ ಕೇಳಿ ಪಡೆಯಿರಿ. ಭಾನುವಾರ ಅಂಗಡಿ ಇರುವುದಿಲ್ಲ, ಶನಿವಾರ ಸಂಜೆಯೊಳಗೆ ಹಾಲು, ಅಕ್ಕಿ ತನ್ನಿ. ನಲ್ಲಿಯ ನೀರು ಕುಡಿಯಿರಿ, ಚೆನ್ನಾಗಿರುತ್ತದೆ. ಪ್ಲಾಸ್ಟಿಕ್ ಬಾಟಲಿ ಎಸೆಯಬೇಡಿ, ಅಂಗಡಿಯ ಯಂತ್ರಕ್ಕೆ ಹಾಕಿದರೆ ಸಾಮಾನ್ಯವಾಗಿ ಒಂದಕ್ಕೆ 25 ಸೆಂಟ್ ಹಿಂದಿರುಗುತ್ತದೆ. ಅಪಘಾತ, ಬೆಂಕಿ ಏನಾದರೂ ಆದರೆ 112. ಬಾನುಲಿ ಶುಲ್ಕ ಕಟ್ಟಿ ಎಂದು ಒಂದು ಕಾಗದ ಬರುತ್ತದೆ, ಹೆದರಬೇಡಿ, ಅದು ವಂಚನೆಯಲ್ಲ. ಮನೆಯೊಂದಕ್ಕೆ ತಿಂಗಳಿಗೆ 18.36 ಯೂರೋ, ಜೊತೆಗಿರುವವರೆಲ್ಲ ಹಂಚಿಕೊಳ್ಳಬಹುದು.

ತಂದೆತಾಯಿಯರಿಗೆ ಒಂದು ಮಾತು. ಅಕ್ಟೋಬರ್ ಕೊನೆಯ ಭಾನುವಾರ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಅಲ್ಲಿಯವರೆಗೆ ನಮಗೂ ಅವರಿಗೂ ಮೂರೂವರೆ ಗಂಟೆಯ ಅಂತರ, ಆಮೇಲೆ ನಾಲ್ಕೂವರೆ. ನಮ್ಮ ಬೆಳಗಿನ ಕಾಫಿಯ ಹೊತ್ತಿಗೆ ಫೋನು ಮಾಡಬೇಡಿ, ಅಲ್ಲಿ ಮಧ್ಯರಾತ್ರಿ ಕಳೆದಿರುತ್ತದೆ. ರಾತ್ರಿ ಊಟ ಮುಗಿಸಿ ಮಾಡಿ. "ಊಟ ಆಯಿತಾ" ಎಂದು ಕೇಳಿದ ಮೇಲೆ "ಪೆಟ್ಟಿಗೆಯ ಮೇಲೆ ಹೆಸರು ಅಂಟಿಸಿದೆಯಾ" ಎಂದೂ ಕೇಳಿ.

ಈ ಭಾಷಣ ಮುಗಿದ ಕೂಡಲೇ ಒಂದು ದಪ್ಪ ಕಾಗದ ತೆಗೆದುಕೊಳ್ಳಿ, ಪಾಸ್‌ಪೋರ್ಟ್ ಮುಂದಿಟ್ಟುಕೊಂಡು ಅಕ್ಷರ ಅಕ್ಷರ ನೋಡಿ ಬರೆಯಿರಿ. ಮೂರು ಚೀಟಿ ಮಾಡಿ: ಪೆಟ್ಟಿಗೆಗೊಂದು, ಕರೆಗಂಟೆಗೊಂದು, ಮಳೆಗೆ ನೆನೆದು ಹೋದರೆ ಇನ್ನೊಂದು. ಟೇಪಿನ ಸುರುಳಿಯ ಜೊತೆ ಕೈಚೀಲದಲ್ಲಿಡಿ, ಸೂಟ್‌ಕೇಸಿನಲ್ಲಿ ಅಲ್ಲ. ನಮಸ್ಕಾರ.