ಜಾಗಟೆಯ ಸದ್ದು ಯಾವಾಗ ಮುಗಿಯುತ್ತದೆ? ಪುಟ್ಟ ಮಕ್ಕಳಿಗೆ ಮೈಂಡ್‌ಫುಲ್‌ನೆಸ್

[ಜಾಗಟೆಗೆ ಒಂದೇ ಪೆಟ್ಟು. ಸದ್ದು ಅಡಗುವವರೆಗೆ ಮಾತಿಲ್ಲ.]

ನಮಸ್ಕಾರ. ಇದು ನಮ್ಮ ಮನೆಯ ದೇವರ ಕೋಣೆಯ ಜಾಗಟೆ. ಇವತ್ತಿನ ವಿಡಿಯೋಗೆ ಇದನ್ನು ಯಾಕೆ ತಂದೆ ಅಂತ ಆಮೇಲೆ ಹೇಳುತ್ತೇನೆ. ಮೊದಲು, ನಮ್ಮ ಚಾನೆಲ್ ನೋಡುವ ಒಬ್ಬ ತಾಯಿಯ ಪ್ರಶ್ನೆ. "ನನ್ನ ಮಗ ಎರಡನೇ ಕ್ಲಾಸು. ಕೂತಲ್ಲಿ ಕೂರುವುದಿಲ್ಲ. ಅವರ ಶಾಲೆಯಲ್ಲಿ ಮೈಂಡ್‌ಫುಲ್‌ನೆಸ್ ಶುರು ಮಾಡಿದ್ದಾರಂತೆ. ಏಳು ವರ್ಷದ ಹುಡುಗ ಕಣ್ಣು ಮುಚ್ಚಿ ಧ್ಯಾನಕ್ಕೆ ಕೂರುತ್ತಾನಾ?"

ಕೂರುವುದಿಲ್ಲ. ಕೂರಲೇಬೇಕು ಅಂತಲೂ ಇಲ್ಲ.

ಮೈಂಡ್‌ಫುಲ್‌ನೆಸ್ ಅಂದರೇನು, ಬೇಗ ಹೇಳಿಬಿಡುತ್ತೇನೆ. ಈ ಹೊತ್ತಿನಲ್ಲಿ ನಡೆಯುತ್ತಿರುವುದರ ಮೇಲೆ ಮನಸ್ಸಿಡುವುದು. ಮನಸ್ಸು ಜಾರಿದರೆ, ಜಾರಿತು ಅಂತ ಗುರುತಿಸಿ ವಾಪಸ್ ಕರೆತರುವುದು. ಇದರ ಬೇರು ಬೌದ್ಧ ಧ್ಯಾನದಲ್ಲಿದೆ. 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ ಜಾನ್ ಕಬಾಟ್-ಜಿನ್ ಇದನ್ನು ರೋಗಿಗಳಿಗಾಗಿ ಒಂದು ಕೋರ್ಸ್ ಮಾಡಿದರು. ಅಲ್ಲಿಂದ ನಿಧಾನಕ್ಕೆ ಶಾಲೆಗಳಿಗೂ ಬಂತು. ನಮ್ಮ ದೇಶದಲ್ಲಿ ದೊಡ್ಡ ಮಟ್ಟದಲ್ಲಿ ಕೈ ಹಾಕಿದ್ದು ದೆಹಲಿಯ ಸರ್ಕಾರಿ ಶಾಲೆಗಳು. 2018ರ ಜುಲೈನಲ್ಲಿ ದಲೈ ಲಾಮಾ ಅಲ್ಲಿನ 'ಹ್ಯಾಪಿನೆಸ್ ಕರಿಕ್ಯುಲಮ್' ಉದ್ಘಾಟಿಸಿದರು. ನರ್ಸರಿಯಿಂದ ಎಂಟನೇ ಕ್ಲಾಸಿನವರೆಗೆ. ಆ ಪೀರಿಯಡ್ ಶುರುವಾಗುತ್ತಿದ್ದದ್ದೇ ಕೆಲವು ನಿಮಿಷದ ಮೈಂಡ್‌ಫುಲ್‌ನೆಸ್‌ನಿಂದ. ಆಮೇಲೆ ಕಥೆ, ಮಾತುಕತೆ, ಚಟುವಟಿಕೆ. ಪರೀಕ್ಷೆ ಇರಲಿಲ್ಲ. ಪರೀಕ್ಷೆ ಇಲ್ಲದ್ದು ನನಗೆ ಎಲ್ಲಕ್ಕಿಂತ ಇಷ್ಟವಾಯಿತು.

ಯೋಚನೆ ಮಾಡಿ. "ಮನಸ್ಸಿಟ್ಟು ಓದು" ಅಂತ ಮಕ್ಕಳಿಗೆ ದಿನಕ್ಕೆ ಎಷ್ಟು ಸಲ ಹೇಳುತ್ತೇವೆ? ಮಗ್ಗಿ ಹೇಳಿಕೊಡುತ್ತೇವೆ. ಶೂ ಲೇಸ್ ಕಟ್ಟುವುದನ್ನು ಕೈ ಹಿಡಿದು ತೋರಿಸುತ್ತೇವೆ. ಮನಸ್ಸಿಡುವುದು ಮಾತ್ರ ಬೈದರೆ ಬರುತ್ತದೆ ಅಂದುಕೊಂಡಿದ್ದೇವೆ.

ಈಗ ಜಾಗಟೆಗೆ ಬರೋಣ.

ಚಿಕ್ಕ ಮಕ್ಕಳ ಕ್ಲಾಸುಗಳಲ್ಲಿ ಗಂಟೆಯ ಆಟ ಒಂದಿದೆ. ಟೀಚರ್ ಒಮ್ಮೆ ಬಾರಿಸುತ್ತಾರೆ. ಮಕ್ಕಳು ಸದ್ದನ್ನು ಕೇಳುತ್ತ ಕೂರಬೇಕು. ಪೂರ್ತಿ ಮುಗಿಯಿತು ಅನಿಸಿದಾಗ ಕೈ ಎತ್ತಬೇಕು. ಅಷ್ಟೇ.

ಕಾಲಿಂಗ್ ಬೆಲ್‌ನಿಂದ ಇದು ಆಗುವುದಿಲ್ಲ, ಅದು ಗಕ್ಕನೆ ನಿಲ್ಲುತ್ತದೆ. ಜಾಗಟೆ ಕಂಚಿನದು. ಪೆಟ್ಟು ಬಿದ್ದ ಮೇಲೂ ಕಂಚು ನಡುಗುತ್ತಲೇ ಇರುತ್ತದೆ.

[ಬಾರಿಸಿ, ಅಂಚಿಗೆ ಬೆರಳ ತುದಿ ತಾಗಿಸುವುದು. ಹತ್ತಿರದ ಶಾಟ್.]

ಬೆರಳಿಗೆ ಜುಮ್ ಅನ್ನುತ್ತದೆ, ಸದ್ದು ಅಲ್ಲೇ ಸತ್ತುಹೋಗುತ್ತದೆ. ಬೆರಳಿಡದಿದ್ದರೆ ಆ ನಡುಕ ಸ್ವಲ್ಪ ಸ್ವಲ್ಪವಾಗಿ ಗಾಳಿಗೆ ಇಳಿಯುತ್ತದೆ. ಸದ್ದು ಸಣ್ಣದಾಗುತ್ತ, ಇನ್ನೂ ಸಣ್ಣದಾಗುತ್ತ ಹೋಗುತ್ತದೆ. ಇಲ್ಲಿಗೆ ಮುಗಿಯಿತು ಅನ್ನುವ ಗೆರೆ ಎಲ್ಲೂ ಇಲ್ಲ. ಅದಕ್ಕೇ ಮಗು ಅದರ ಹಿಂದೆ ಹೋಗುತ್ತದೆ. ಮಿಸುಕಾಡಿದರೆ ಸದ್ದು ತಪ್ಪಿಹೋಗುತ್ತದಲ್ಲ? ತಾನಾಗಿಯೇ ಸುಮ್ಮನಾಗುತ್ತದೆ. "ಸೈಲೆನ್ಸ್" ಅಂತ ಕೂಗುವ ಕೆಲಸವೇ ಇಲ್ಲ.

ಹೋದ ಭಾನುವಾರ ಅಕ್ಕನ ಮಗಳನ್ನೂ ಪಕ್ಕದ ಮನೆಯ ಮೂವರು ಮಕ್ಕಳನ್ನೂ ಕೂರಿಸಿಕೊಂಡೆ. ಮೊದಲ ಸಲ ಬರೀ ನಗು. ಒಬ್ಬ ಪೆಟ್ಟು ಬೀಳುವ ಮೊದಲೇ ಕೈ ಎತ್ತಿದ್ದ. ಎರಡನೇ ಸಲ ಆಟ ಮುಗಿದ ಮೇಲೆ ಅವನೇ ಹೇಳಿದ, "ನಂಗೆ ಮಧ್ಯದಲ್ಲಿ ದೋಸೆ ನೆನಪಾಯ್ತು." ಇದು ಬೈಯುವ ಮಾತಲ್ಲ. ಮನಸ್ಸು ಅಡುಗೆಮನೆಗೆ ಹೋಗಿ ಬಂದದ್ದು ಆ ಹುಡುಗನಿಗೇ ಗೊತ್ತಾಗಿದೆ. ಕಲಿಸಬೇಕಾದದ್ದು ಇದನ್ನೇ.

ಮೂರನೇ ಸಲ ಮೂರು ಕೈ ಮೇಲೆದ್ದವು. ಅಕ್ಕನ ಮಗಳು ಮಾತ್ರ ಕತ್ತು ವಾಲಿಸಿ, ಬಾಯಿ ಅರ್ಧ ತೆರೆದುಕೊಂಡು ಹಾಗೇ ಕೂತಿದ್ದಾಳೆ. ನನ್ನ ಕಿವಿಗೆ ಸದ್ದು ಎಂದೋ ಮುಗಿದಿತ್ತು. "ಆಯ್ತಲ್ಲ ಪುಟ್ಟಿ" ಅಂದೆ. "ಶ್! ಮಾಮ, ಇನ್ನೂ ಇದೆ!" ಅಂದಳು. ಬಗ್ಗಿ ಜಾಗಟೆಯ ಹತ್ತಿರ ಕಿವಿ ಇಟ್ಟೆ. ಇತ್ತು!

ಸರಿ, ಇದರಿಂದ ಮಕ್ಕಳಿಗೆ ನಿಜಕ್ಕೂ ಲಾಭ ಇದೆಯಾ? ಬ್ರಿಟನ್ನಿನ ಒಂದು ದೊಡ್ಡ ಪ್ರಯೋಗದ ಫಲಿತಾಂಶ 2022ರಲ್ಲಿ ಬಂತು. ಹೆಸರು ಮಿರಿಯಡ್. 8 ಸಾವಿರಕ್ಕೂ ಜಾಸ್ತಿ ಮಕ್ಕಳು, ಹೈಸ್ಕೂಲಿನ ಮೊದಲ ವರ್ಷಗಳವರು. ಮೈಂಡ್‌ಫುಲ್‌ನೆಸ್ ಕಲಿತ ಮಕ್ಕಳ ಮನಸ್ಸಿನ ಆರೋಗ್ಯಕ್ಕೂ ಎಂದಿನ ಪಾಠ ಕಲಿತವರದಕ್ಕೂ ಫರಕು ಕಾಣಲಿಲ್ಲ. ಬಹಳಷ್ಟು ಮಕ್ಕಳು ಮನೆಯಲ್ಲಿ ಅಭ್ಯಾಸವನ್ನೇ ಮಾಡಿರಲಿಲ್ಲ. ಇದನ್ನು ಮುಚ್ಚಿಟ್ಟು ಮೈಂಡ್‌ಫುಲ್‌ನೆಸ್ ಸರ್ವರೋಗಕ್ಕೂ ಮದ್ದು ಅಂತ ಮಾರುವುದು ತಪ್ಪು. ಆದರೆ ಅದೇ ಪ್ರಯೋಗದಲ್ಲಿ ಇನ್ನೊಂದು ವಿಷಯ ಕಂಡಿತು. ಮಕ್ಕಳಿಗೆ ಕಲಿಸುವ ಮೊದಲು ಟೀಚರುಗಳು ತಾವೇ ಇದನ್ನು ಕಲಿತಿದ್ದರು. ಕೆಲಸದ ಒತ್ತಡದಿಂದ ಅವರಿಗೆ ಆಗುವ ಬಳಲಿಕೆ ಸ್ವಲ್ಪ ಕಾಲವಾದರೂ ಕಡಿಮೆಯಾಯಿತು. 40 ಮಕ್ಕಳ ಕ್ಲಾಸಿನಲ್ಲಿ ನಿಂತವರಿಗೆ ಅದರ ಬೆಲೆ ಗೊತ್ತು, ಅಲ್ವಾ? ಹಾಗಾಗಿ ಟೀಚರ್ ಬಿಟ್ಟು ಬರೀ ಮಕ್ಕಳಿಗೆ ಕಲಿಸುವ ಯೋಜನೆಯ ಮೇಲೆ ನನಗೆ ನಂಬಿಕೆ ಇಲ್ಲ.

ಸಮಯ ಆಗುತ್ತಾ ಬಂತು. ಉಳಿದದ್ದು ಒಟ್ಟಿಗೆ ಹೇಳುತ್ತೇನೆ. ಮಗು ಅಂಗಾತ ಮಲಗಲಿ, ಹೊಟ್ಟೆಯ ಮೇಲೆ ಒಂದು ಗೊಂಬೆ ಇಡಿ, ಉಸಿರಿನ ಜೊತೆ ಗೊಂಬೆ ಏರಿ ಇಳಿಯುವುದನ್ನು ನೋಡಲಿ. ಉಸಿರು ನಿಧಾನಕ್ಕೆ ಹೊರಗೆ ಬಿಡುವಾಗ ಎದೆಬಡಿತವೂ ಸ್ವಲ್ಪ ನಿಧಾನವಾಗುತ್ತದೆ. ಒಂದೇ ಒಣದ್ರಾಕ್ಷಿಯನ್ನು ನೋಡಿ, ಮೂಸಿ, ಮೆಲ್ಲಗೆ ಜಗಿಯುವುದು ಇನ್ನೊಂದು ಆಟ. ಕಣ್ಣು ಮುಚ್ಚು ಅಂತ ಒತ್ತಾಯ ಮಾಡಬೇಡಿ, ಕೆಲವು ಮಕ್ಕಳಿಗೆ ಭಯವಾಗುತ್ತದೆ. ಗಲಾಟೆ ಮಾಡಿದ್ದಕ್ಕೆ ಶಿಕ್ಷೆ ಅಂತ ಉಸಿರು ಎಣಿಸಲು ಕೂರಿಸಲೇಬೇಡಿ. ಆಮೇಲೆ ಮಗು ಅದನ್ನು ಜನ್ಮದಲ್ಲಿ ಮುಟ್ಟುವುದಿಲ್ಲ.

ಪ್ರಶ್ನೆ ಕೇಳಿದ ತಾಯಿಗೆ ಒಂದು ಮಾತು. ಅಮ್ಮಾ, ಮಗನನ್ನು ಈಗಲೇ ಕರೆಯಿರಿ. ಜಾಗಟೆ ಇಲ್ಲದಿದ್ದರೆ ಚಿಂತೆಯಿಲ್ಲ, ನನ್ನದೇ ಸದ್ದು ಸಾಕು. ಇಬ್ಬರೂ ಕೇಳಿ. ಮುಗಿಯಿತು ಅನಿಸಿದಾಗ ಕೈ ಎತ್ತಿ.

[ಜಾಗಟೆಗೆ ಒಂದು ಪೆಟ್ಟು. ಸದ್ದು ಪೂರ್ತಿ ಅಡಗಿದ ಮೇಲೂ ಹತ್ತು ಸೆಕೆಂಡ್ ಕ್ಯಾಮೆರಾ ನಿಲ್ಲಿಸಬೇಡಿ.]