ಹಸಿರು ಹಚ್ಚುವ ಮೊದಲು ತಿಂಗಳು ಯಾವುದು ಹೇಳಿ

ನಮಸ್ಕಾರ. ಈವತ್ತು ನನ್ನ ಮೇಜಿನ ಮೇಲೆ ಒಂದು ದೇಶ ಒಣಗುತ್ತಿದೆ. ಡ್ರಾಯಿಂಗ್ ಶೀಟಿಗೆ ಚಹಾದ ನೀರು ಬಳಿದು, ಸುರುಳಿ ಸುತ್ತಿಕೊಳ್ಳದಿರಲಿ ಅಂತ ನಾಲ್ಕೂ ಮೂಲೆಗೆ ಡಬ್ಬಿ ಇಟ್ಟಿದ್ದೇನೆ. ಹಳೇ ಕಾಗದದ ಹಾಗೆ ಕಾಣಲಿ ಅಂತ ಚಹಾ. ಸಕ್ಕರೆ ಹಾಕಿದ್ದನ್ನು ಮಾತ್ರ ಬಳಿಯಬೇಡಿ, ಇರುವೆ ಬರುತ್ತವೆ. ನನಗೆ ಹೇಗೆ ಗೊತ್ತು ಅಂತ ಕೇಳಬೇಡಿ.

ಇಲ್ಲದ ದೇಶಗಳ ನಕ್ಷೆ ಬರೆಯುವ ಚಟ ನನಗೆ ಹೈಸ್ಕೂಲಿನಿಂದ ಇದೆ. ಮೊದಲನೇ ನಕ್ಷೆಯಲ್ಲಿ ಒಂದು ದೊಡ್ಡ ಹೊಳೆ ಬರೆದಿದ್ದೆ. ಅದು ಗುಡ್ಡದಿಂದ ಇಳಿದು, ಬಯಲಿನ ನಡುವೆ ಎರಡಾಗಿ ಸೀಳಿ, ಒಂದು ಕವಲು ಇನ್ನೊಂದು ಗುಡ್ಡ ದಾಟಿ ಪಶ್ಚಿಮದ ಸಮುದ್ರಕ್ಕೆ ಹೋಗುತ್ತಿತ್ತು. ನವಲಗುಂದದ ಕಡೆ ಹೊಲ ಮಾಡುವ ನಮ್ಮ ಕಾಕಾ ಅದನ್ನು ನೋಡಿ, "ಏನೋ ತಮ್ಮಾ, ನಿನ್ನ ಹೊಳಿ ಗುಡ್ಡ ಹತ್ತತೈತಿ?" ಅಂದರು. ಅವರಿಗೆ ರಾಕ್ಷಸರ ಊರು, ಮಂತ್ರದ ಕಾಡು ಯಾವುದೂ ವಿಚಿತ್ರ ಅನ್ನಿಸಲಿಲ್ಲ. ನೀರು ಮೇಲಕ್ಕೆ ಹರಿದದ್ದು ಮಾತ್ರ ಸಹಿಸಲಿಲ್ಲ.

ಧಾರವಾಡದಲ್ಲಿ ಇದ್ದುಕೊಂಡು ಈ ತಪ್ಪು ಮಾಡಿದ್ದೆ ನೋಡಿ. ನಮ್ಮ ಸೋಮೇಶ್ವರ ಗುಡಿಯ ಹತ್ತಿರ ಹುಟ್ಟುವ ಶಾಲ್ಮಲಾ ಪಶ್ಚಿಮಕ್ಕೆ ತಿರುಗಿ, ಬೇಡ್ತಿ ಸೇರಿ, ಅರಬ್ಬಿ ಸಮುದ್ರಕ್ಕೆ ಹೋಗುತ್ತದೆ. ಇಪ್ಪತ್ತು ಕಿಲೋಮೀಟರ್ ಆಚೆ ಹುಬ್ಬಳ್ಳಿಯ ನೀರು ಬೆಣ್ಣೆಹಳ್ಳಕ್ಕೆ ಇಳಿದು, ಮಲಪ್ರಭಾ, ಕೃಷ್ಣಾ ಸೇರಿ ಬಂಗಾಳ ಕೊಲ್ಲಿಗೆ. ಜೋಡಿ ಊರು ಅಂತೀವಿ, ನೀರು ಮಾತ್ರ ಒಂದಕ್ಕೊಂದು ಬೆನ್ನು ತಿರುಗಿಸಿ ಹೋಗುತ್ತದೆ. ಎರಡು ಸಮುದ್ರಕ್ಕೂ ನೀರು ಹೋಗಬೇಕು ಅಂದರೆ ಹೊಳೆ ಸೀಳಬೇಕಿಲ್ಲ, ನಡುವೆ ಒಂದು ಸಣ್ಣ ದಿಬ್ಬ ಸಾಕು.

ನೀರಿನ ವಿಷಯ ಸುಮಾರು ಜನ ಹೇಳುತ್ತಾರೆ. ನನ್ನ ತಕರಾರು ಇರೋದು ಬಣ್ಣದ ಮೇಲೆ.

ಯಾರದೇ ಕಾಲ್ಪನಿಕ ನಕ್ಷೆ ತೆಗೆದು ನೋಡಿ. ಬಯಲೆಲ್ಲ ಹಸಿರು, ಗುಡ್ಡ ಕಂದು, ತುದಿಗೆ ಬಿಳಿ ಹಿಮ. ಕಾಡು ಅಂದರೆ ಪೈನ್ ಮರ. ಹಿಮವನ್ನು ಟಿವಿಯಲ್ಲಿ ಬಿಟ್ಟು ಬೇರೆಲ್ಲೂ ನೋಡದ ಹುಡುಗ ಹಾವೇರಿಯಲ್ಲಿ ಕೂತು ಹಿಮ ಬಳಿಯುತ್ತಾನೆ. ತಪ್ಪಲ್ಲ ಬಿಡಿ, ಕಲ್ಪನೆ ಅವನದು. ಆದರೆ ಹಸಿರು ಯಾಕೆ ಹಚ್ಚಿದೆ ಅಂತ ಕೇಳಿದರೆ ಉತ್ತರ ಇರಲ್ಲ. ಶಾಲೆಯ ಅಟ್ಲಾಸಿನಲ್ಲಿ ಹಾಗಿತ್ತು, ಅಷ್ಟೇ. ಅಟ್ಲಾಸಿನ ಭೌತಿಕ ನಕ್ಷೆಯಲ್ಲಿ ಹಸಿರು ಅಂದರೆ ತಗ್ಗು ಜಾಗ. ಅಲ್ಲಿ ಹುಲ್ಲು ಬೆಳೆದಿದೆ ಅಂತ ಅರ್ಥ ಅಲ್ಲ.

ನಮ್ಮ ಕಾಕಾನ ಎರೆಹೊಲಕ್ಕೆ ಯಾವ ಬಣ್ಣ ಹಚ್ಚುತ್ತೀರಿ? ಯುಗಾದಿ ಹೊತ್ತಿಗೆ ಹೋದರೆ ಕಪ್ಪು. ಕೈ ಇಳಿಯುವಷ್ಟು ಬಿರುಕು. ಶ್ರಾವಣದಲ್ಲಿ ಹೆಸರು ಬೆಳೆದು ಕಣ್ಣು ತುಂಬಾ ಹಸಿರು. ಚಳಿಗಾಲದಲ್ಲಿ ಒಂದು ಕಡೆ ಬಿಳಿಜೋಳ, ಇನ್ನೊಂದು ಕಡೆ ಹತ್ತಿ ಒಡೆದು ಬೆಳ್ಳಗೆ, ಅಂಚಿಗೆ ಕುಸುಬಿಯ ಹಳದಿ. ಅದೇ ಹೊತ್ತಿಗೆ ಬ್ಯಾಡಗಿ ಕಡೆ ಹೋದರೆ ಮೆಣಸಿನಕಾಯಿ ಒಣಹಾಕಿ ನೆಲವೇ ಕೆಂಪು. ಅಂದರೆ ನಕ್ಷೆಗೆ ಬಣ್ಣ ಹಚ್ಚೋದು ಅಂದರೆ ಒಂದು ತಿಂಗಳನ್ನು ಆರಿಸಿಕೊಳ್ಳೋದು. ಆ ತಿಂಗಳು ಯಾವುದು ಅಂತ ಮೂಲೆಯಲ್ಲಿ ಬರೆದುಬಿಡಿ. ನಿಮ್ಮ ರಾಜ್ಯದಲ್ಲಿ ಸೈನ್ಯ ಯಾವಾಗ ಹೊರಡುತ್ತದೆ, ಚಕ್ಕಡಿ ಎಲ್ಲಿ ಹುಗಿದುಕೊಳ್ಳುತ್ತದೆ, ಎಲ್ಲಾ ತಾನಾಗಿಯೇ ಗೊತ್ತಾಗುತ್ತದೆ. ಮಳೆಗಾಲದ ಎರೆಮಣ್ಣಿನಲ್ಲಿ ಯಾವ ಚಕ್ರವರ್ತಿಯ ರಥವೂ ಮುಂದೆ ಹೋಗಲ್ಲ.

ಎರೆಮಣ್ಣಿಗೆ ಟ್ಯೂಬಿನ ಕಪ್ಪು ಹಚ್ಚಬೇಡಿ. ಡಾಂಬರು ಬಳಿದ ಹಾಗೆ ಕಾಣುತ್ತದೆ. ಬರ್ನ್ಟ್ ಅಂಬರ್ ಅನ್ನುವ ಕಡುಗಂದು ಬಣ್ಣಕ್ಕೆ ಅಲ್ಟ್ರಾಮರೀನ್ ನೀಲಿ ಸ್ವಲ್ಪ ಸ್ವಲ್ಪ ಬೆರೆಸಿ. ಕಂದು ಜಾಸ್ತಿ ಇದ್ದರೆ ಒಣಗಿದ ಮಣ್ಣು, ನೀಲಿ ಜಾಸ್ತಿ ಇದ್ದರೆ ಈಗಷ್ಟೇ ಮಳೆ ಬಿದ್ದ ಮಣ್ಣು. ಇದನ್ನು ಕಂಡುಕೊಳ್ಳೋಕೆ ನನಗೆ ಮೂರು ಶೀಟು ಹಾಳಾದವು.

ಹೊಳೆಯೂ ಅಷ್ಟೇ, ನೀಲಿಯೇ ಆಗಬೇಕಿಲ್ಲ. ಸರ್ಕಾರದ ನಕ್ಷೆ ಇಲಾಖೆಯಾದ ಸರ್ವೆ ಆಫ್ ಇಂಡಿಯಾದ 1:50,000 ಅಳತೆಯ ನಕ್ಷೆ ಹಾಳೆಗಳಲ್ಲಿ ಒಣಗಿದ ಹಳ್ಳಗಳು ಕಪ್ಪು ಗೆರೆಯಲ್ಲಿ ಇರುತ್ತವೆ. ನೀರಿದ್ದರೆ ಮಾತ್ರ ನೀಲಿ. ಬೇಸಿಗೆಯಲ್ಲಿ ಮರಳು, ದೊಡ್ಡ ಮಳೆ ಬಂದರೆ ಹೊಲಗಳನ್ನೇ ನುಂಗುವ ಬೆಣ್ಣೆಹಳ್ಳದಂಥದ್ದಕ್ಕೆ ಆ ಕಪ್ಪು ಗೆರೆ ಎಷ್ಟು ಸರಿಯಾಗಿ ಒಪ್ಪುತ್ತದೆ ಅಲ್ವಾ?

ಈಗ ರಾಜ್ಯಗಳಿಗೆ ಬಣ್ಣ. 1852ರಲ್ಲಿ ಫ್ರಾನ್ಸಿಸ್ ಗಥ್ರಿ ಅನ್ನುವವನು ಇಂಗ್ಲೆಂಡಿನ ಕೌಂಟಿಗಳ ನಕ್ಷೆಗೆ ಬಣ್ಣ ತುಂಬುತ್ತಾ, ಅಕ್ಕಪಕ್ಕದ್ದಕ್ಕೆ ಒಂದೇ ಬಣ್ಣ ಬಾರದ ಹಾಗೆ ಮಾಡಲು ನಾಲ್ಕು ಬಣ್ಣ ಸಾಕು ಅಂತ ಗಮನಿಸಿದ. ಅದು ಯಾವ ನಕ್ಷೆಗಾದರೂ ನಿಜ ಅಂತ ಸಾಧಿಸಲು 1976ರವರೆಗೆ ಕಾಯಬೇಕಾಯಿತು. ಆಪೆಲ್ ಮತ್ತು ಹಾಕೆನ್ ಅನ್ನುವ ಇಬ್ಬರು ಗಣಿತಜ್ಞರು ಕಂಪ್ಯೂಟರ್ ಹಚ್ಚಿ ಸಾಧಿಸಿದರು. ಆದರೆ ಒಂದು ಷರತ್ತು ಇದೆ. ಒಂದೊಂದು ರಾಜ್ಯವೂ ಒಂದೇ ತುಂಡಾಗಿರಬೇಕು. ಸ್ವಾತಂತ್ರ್ಯಕ್ಕೆ ಮೊದಲು ನಮ್ಮ ಸುತ್ತಮುತ್ತ ಎಲ್ಲಿತ್ತು ಆ ಭಾಗ್ಯ? ಸವಣೂರಿಗೆ ನವಾಬ, ಕುಂದಗೋಳ ಜಮಖಂಡಿಯವರದು, ಶಿರಹಟ್ಟಿ ಸಾಂಗ್ಲಿಯವರದು, ಲಕ್ಷ್ಮೇಶ್ವರ ಮೀರಜದವರದು, ನಡುನಡುವೆ ಮುಂಬಯಿ ಪ್ರಾಂತ. ಬಟ್ಟೆ ಹರಿದು ತೇಪೆ ಹಾಕಿದ ಹಾಗೆ. ಒಬ್ಬ ದೊರೆಯ ತುಂಡುಗಳಿಗೆಲ್ಲ ಒಂದೇ ಬಣ್ಣ ಹಚ್ಚುತ್ತೇನೆ ಅಂದರೆ ನಾಲ್ಕರ ಭರವಸೆ ಅಲ್ಲಿಗೆ ಮುಗಿಯಿತು. ಗೆರೆ ಎಳೆದು ಇದು ನಮ್ಮದು, ಅದು ನಿಮ್ಮದು ಅನ್ನುವ ನಕ್ಷೆಗಿಂತ ಈ ತೇಪೆ ನಕ್ಷೆಯಲ್ಲಿ ನನಗೆ ಕಥೆ ಜಾಸ್ತಿ ಸಿಗುತ್ತದೆ. ಸಂತೆಗೆ ಹೋಗಿ ಬರುವಷ್ಟರಲ್ಲಿ ಎರಡು ಕಡೆ ಸುಂಕ ಕಟ್ಟುವ ಮನುಷ್ಯನ ಪಾಡು ಊಹಿಸಿ.

ಕಂಪ್ಯೂಟರಿನಲ್ಲಿ ಮಾಡುವವರ ಮೇಲೆ ನನಗೆ ಸಿಟ್ಟಿಲ್ಲ. ಬ್ರೌಸರಿನಲ್ಲೇ ಒಂದು ಕ್ಲಿಕ್ಕಿಗೆ ಇಡೀ ಲೋಕ ಹುಟ್ಟಿಸುವ ಉಚಿತ ತಾಣಗಳಿವೆ, ಅವುಗಳ ಹೊಳೆಗಳು ನನ್ನ ಮೊದಲನೇ ಹೊಳೆಗಿಂತ ಬುದ್ಧಿವಂತ. ಆದರೂ ಕುಂಚ ಅದ್ದಿದಾಗ ಬಣ್ಣ ಗೆರೆ ದಾಟಿ ಪಕ್ಕದ ರಾಜ್ಯಕ್ಕೆ ನುಗ್ಗುತ್ತದಲ್ಲ, ಆ ಖುಷಿ ಅಲ್ಲಿ ಇಲ್ಲ. ಎಷ್ಟೋ ಯುದ್ಧಗಳು ನನ್ನ ನಕ್ಷೆಯಲ್ಲಿ ಹೀಗೇ ಶುರುವಾಗಿವೆ.

ಹೋದ ವಾರ ಕಾಕಾ ಬಂದಿದ್ದರು. ಮೇಜಿನ ಮೇಲಿನ ಈ ದೇಶವನ್ನೇ ಕನ್ನಡಕ ಏರಿಸಿ ನೋಡಿದರು. ಹೊಳೆ ಸರಿಯಾಗಿ ಇಳಿದಿತ್ತು, ಮಣ್ಣು ಕಪ್ಪಿತ್ತು, ಮೂಲೆಯಲ್ಲಿ "ಮಾಘ ಮಾಸ" ಅಂತ ಬರೆದಿದ್ದೆ. ಬಹಳ ಹೊತ್ತು ನೋಡಿ, ರಾಜಧಾನಿಯ ಮೇಲೆ ಬೆರಳು ಇಟ್ಟು, "ಊರೇನೋ ಚಲೋ ಐತಿ. ನಳಾ ಎಷ್ಟು ದಿನಕ್ಕೊಮ್ಮೆ ಬರತಾವು?" ಅಂದರು.

ಒಣಗಿದ ಮೇಲೆ ಊರ ಪಡುವಣಕ್ಕೆ ಒಂದು ಕೆರೆ ಬರೆಯಬೇಕು.