ಹೆಚ್ಚು ಪ್ರತಿ, ಹೆಚ್ಚು ಕಿಣ್ವ

ಕೇಳುಗರೇ, ನಮಸ್ಕಾರ.

ಕಳೆದ ವಾರ ಕಲಬುರಗಿಯ ನಮ್ಮ ಪ್ರಯೋಗಾಲಯದಲ್ಲಿ ವಿದ್ಯಾರ್ಥಿಗಳ ಮುಂದೆ ಎರಡು ಗಾಜಿನ ನಳಿಕೆಗಳನ್ನು ಇಟ್ಟಿದ್ದೆ. ಎರಡರಲ್ಲೂ ಇ. ಕೋಲಿ ಬ್ಯಾಕ್ಟೀರಿಯಾ. ಹಾಲಿನ ಸಕ್ಕರೆಯನ್ನು ಒಡೆಯುವ ಕಿಣ್ವದ ಜೀನ್ ಎರಡನೆಯದರಲ್ಲಿ ಒಂದು ಪ್ರತಿ ಹೆಚ್ಚಿಗೆ ಇತ್ತು. ಆ ಕಿಣ್ವ ತಗುಲಿದರೆ ಹಳದಿಯಾಗುವ ದ್ರಾವಣವನ್ನು ಹನಿಸಿದೆವು. ಎರಡನೆಯ ನಳಿಕೆ ಅರಿಸಿನ ಕದಡಿದಂತೆ ಬೇಗನೆ ಹಳದಿಗಟ್ಟಿತು. ಮೊದಲನೆಯದು ಆಗಿನ್ನೂ ತಿಳಿಹಳದಿಯಾಗಿಯೇ ಇತ್ತು.

ಎರಡು ಒಲೆ ಹೂಡಿದರೆ ಜೋಳದ ರೊಟ್ಟಿ ಹೆಚ್ಚು ಬೇಯುತ್ತದೆ. ಆದರೆ ಒಲೆ ಹೊತ್ತಿರಬೇಕು! ಹಾಲಿನ ಸಕ್ಕರೆ ಇಲ್ಲದಾಗ ಒಂದು ಪ್ರೋಟೀನು ಈ ಜೀನನ್ನು ಅದುಮಿ ಹಿಡಿದಿರುತ್ತದೆ. ಆಗ ಎರಡು ಪ್ರತಿ ಇದ್ದರೂ ಕಿಣ್ವ ಹೆಸರಿಗಷ್ಟೇ. ಈ ಹಿಡಿತವನ್ನು ಫ್ರಾನ್ಸಿನ ವಿಜ್ಞಾನಿಗಳಾದ ಜಾಕೋಬ್ ಮತ್ತು ಮೊನೊ 1961ರಲ್ಲಿ ವಿವರಿಸಿದರು.

ನನ್ನನ್ನು ಇಂದಿಗೂ ಬೆರಗುಗೊಳಿಸುವ ಸಂಗತಿ ಬೇರೆಯೇ ಇದೆ. ಇ. ಕೋಲಿಗೆ ತನ್ನ ವರ್ಣತಂತುವನ್ನು, ಅಂದರೆ ಜೀನ್‌ಗಳನ್ನು ಹೊತ್ತ ಎಳೆಯನ್ನು, ಪೂರ್ತಿ ನಕಲು ಮಾಡಲು ಸುಮಾರು 40 ನಿಮಿಷ ಬೇಕು. ಆಹಾರ ಸಮೃದ್ಧವಾಗಿದ್ದರೆ ಅದು 20 ನಿಮಿಷಕ್ಕೊಮ್ಮೆ ಇಬ್ಭಾಗವಾಗುತ್ತದೆ. ಹೇಗೆ? ಮೊದಲ ನಕಲು ಮುಗಿಯುವ ಮುನ್ನವೇ ಮುಂದಿನದನ್ನು ಶುರುಮಾಡಿಬಿಡುತ್ತದೆ. ಹಾಗಾಗಿ ನಕಲು ಆರಂಭವಾಗುವ ಜಾಗದ ಜೀನ್‌ಗಳು ಕೊನೆಯ ಜಾಗದವುಗಳಿಗಿಂತ ಸರಾಸರಿ ನಾಲ್ಕು ಪಟ್ಟು ಇರುತ್ತವೆ. ಅದೇ ಜೀನನ್ನು ಕೊನೆಯಿಂದ ಕಿತ್ತು ಆರಂಭದ ಬಳಿ ಕೂರಿಸಿದರೆ ಸಾಮಾನ್ಯವಾಗಿ ಕಿಣ್ವವೂ ಹೆಚ್ಚುತ್ತದೆ. ಜೀನ್ ಎಲ್ಲಿ ಕುಳಿತಿದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ ಎಂದು ತಿಳಿದ ದಿನ ನನಗೆ ನಿದ್ದೆಯೇ ಬರಲಿಲ್ಲ.

ಇನ್ನು ಹೊಲಕ್ಕೆ ಬರೋಣ. ಬಟಾಣಿ, ಕುದುರೆಮೆಂತ್ಯದಂಥ ಗಿಡಗಳ ಬೇರುಗಂಟಿನೊಳಗೆ ಸೇರಿದ ರೈಜೋಬಿಯಂ ಎಂಬ ಬ್ಯಾಕ್ಟೀರಿಯಾ ಇಬ್ಭಾಗವಾಗುವುದನ್ನೇ ನಿಲ್ಲಿಸುತ್ತದೆ, ನಕಲು ಮಾಡುವುದನ್ನು ಮಾತ್ರ ಬಿಡುವುದಿಲ್ಲ. ಕುದುರೆಮೆಂತ್ಯದ ಗಂಟಿನಲ್ಲಿ ಒಂದೇ ಕೋಶದೊಳಗೆ ವರ್ಣತಂತುವಿನ 24 ಪ್ರತಿಗಳವರೆಗೂ ಕಂಡಿವೆ. ಊದಿಕೊಂಡ ಆ ಕೋಶ ಮರಳಿ ಇಬ್ಭಾಗವಾಗಲಾರದು. ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುತ್ತಾ ಅಲ್ಲೇ ಬಾಳು ಮುಗಿಸುತ್ತದೆ.

ನಮ್ಮ ಎರೆಹೊಲದ ತೊಗರಿಯ ಬೇರಲ್ಲೂ ಸಾರಜನಕ ಒದಗಿಸುವ ಗಂಟುಗಳಿವೆ. ಮಳೆ ಬಿದ್ದು ನೆಲ ಸಡಿಲವಾದಾಗ ಒಂದು ಎಳೆಯ ಗಿಡವನ್ನು ಬೇರು ಹರಿಯದಂತೆ ಕಿತ್ತು, ಮಣ್ಣು ತೊಳೆದು, ಒಂದು ಗಂಟನ್ನು ಉಗುರಿನಿಂದ ಸೀಳಿ ನೋಡಿ. ಒಳಗೆ ನಸುಗೆಂಪು ಕಂಡರೆ, ಗಾಳಿಯ ಸಾರಜನಕವನ್ನು ಹಿಡಿಯುವ ಕಿಣ್ವ ಅಲ್ಲಿ ಕೆಲಸದಲ್ಲಿದೆ.

ನಮಸ್ಕಾರ.